ತುದಿ ಸುಟ್ಟ ಲಟ್ಟಣಿಗೆ

ನಮ್ಮ ಮನೆಯ ಲಟ್ಟಣಿಗೆಗೆ ಒಂದು ಕಡೆಯ ಹಿಡಿಕೆ ಇಲ್ಲ. ಪೂರ್ತಿ ಇಲ್ಲವೆಂದಲ್ಲ, ಸುಟ್ಟು ಕರಕಲಾಗಿ ಹೆಬ್ಬೆರಳಿನಷ್ಟು ಮೋಟು ಉಳಿದಿದೆ. ಅದರಿಂದ ಲಟ್ಟಿಸಿದ ಚಪಾತಿ ಒಂದು ಮಗ್ಗುಲಿಗೆ ದಪ್ಪ, ಇನ್ನೊಂದು ಮಗ್ಗುಲಿಗೆ ತೆಳ್ಳಗೆ. ಮೊನ್ನೆ ನನ್ನ ಮಗಳು ಶೈಲಾ, ಹತ್ತು ವರ್ಷದವಳು, ಮೊದಲ ಸಲ ಚಪಾತಿ ಲಟ್ಟಿಸಲು ಕೂತಳು. ಎರಡು ಚಪಾತಿ ಆಗುವಷ್ಟರಲ್ಲಿ ಅವಳ ತಾಳ್ಮೆ ಮುಗಿಯಿತು.

"ಪಪ್ಪಾ, ಇದು ಏಕದಮ್ ಬೇಕಾರ್ ಐತಿ. ಫೇಕ್ ದೂ ಕ್ಯಾ?"

ಮುಂಬಯಿಯ ಘಾಟ್ಕೋಪರಿನ ಮಕ್ಕಳ ಕನ್ನಡ ಹೀಗೇ. ದಾದರಿನಲ್ಲಿ ಗಾಡಿ ಬದಲಿಸಿದಂತೆ ಮಾತಿನ ನಡುವೆ ಭಾಷೆ ಬದಲಿಸುತ್ತಾರೆ.

ನನ್ನ ಹೆಂಡತಿ ನೀಲವ್ವ ಒಲೆಯ ಮುಂದಿನಿಂದ ತಿರುಗದೆಯೇ, "ಒಗದೀ ನೋಡು ಮತ್ತ. ಅದು ನಿಮ್ಮಪ್ಪನ ಸಿಗಡಿ" ಎಂದಳು.

ಲಟ್ಟಣಿಗೆ ಸಿಗಡಿ ಹೇಗಾಯಿತೆಂದು ಹುಡುಗಿ ನನ್ನ ಮುಖ ನೋಡಿದಳು. ಹೇಳೋಣವೆಂದು ಬಾಯಿ ತೆಗೆದೆ. ಪಾಳಿ ಮುಗಿಸಿ ಬಂದ ಮೈ. ಬಾಯಿ ತೆಗೆದದ್ದು ಆಕಳಿಕೆಯಾಯಿತು. "ನಾಳೆ ಹೇಳ್ತೀನಿ" ಎಂದೆ. ಆ ನಾಳೆ ಇನ್ನೂ ಬಂದಿಲ್ಲ. ಅದಕ್ಕೇ ಈ ಭಾನುವಾರ ಇಲ್ಲಿಯ ಕನ್ನಡ ಸಂಘದ ವಾಚನಾಲಯದ ಕನ್ನಡ ಟೈಪ್‌ರೈಟರಿನ ಮುಂದೆ ಕೂತು, ಒಂದೊಂದೇ ಅಕ್ಷರ ಹುಡುಕಿ ಕುಟ್ಟುತ್ತ, ಮೊದಲು ನಿಮಗೆ ಹೇಳುತ್ತಿದ್ದೇನೆ. ಒತ್ತಕ್ಷರ ಬಂದಲ್ಲಿ ನನಗೆ ಸ್ವಲ್ಪ ತಡವಾಗುತ್ತದೆ. ತಡವಾಗುವುದು ನನಗೆ ಹೊಸದಲ್ಲ.

ಮುಂಬಯಿಯ ಚಳಿ ಎಂದರೆ ನೀವು ನಗುತ್ತೀರಿ. ನಗಬೇಕಾದದ್ದೇ. ಡಿಸೆಂಬರಿನಲ್ಲಿ ನಾಲ್ಕು ದಿನ ಗಾಳಿ ತಣ್ಣಗಾದರೆ ಸಾಕು, ಲೋಕಲಿನಲ್ಲಿ ಜನ ಮಂಕಿ ಟೋಪಿ ಹಾಕಿ, ಮಫ್ಲರ್ ಸುತ್ತಿ, ಕಾಶ್ಮೀರಕ್ಕೆ ಹೊರಟವರ ಹಾಗೆ ನಿಂತಿರುತ್ತಾರೆ. ಗಟ್ಟಿ ಸ್ಲ್ಯಾಬಿನ ಬಿಲ್ಡಿಂಗಿನವರಿಗೆ ಅದು ಫ್ಯಾನು ನಿಲ್ಲಿಸಿ ಮಲಗುವ ಸುಖ, ಅಷ್ಟೇ. ಆದರೆ ಅರವತ್ತರ ದಶಕ ಮುಗಿಯುತ್ತಿದ್ದ ಆ ಕಾಲದಲ್ಲಿ ನಾವಿದ್ದದ್ದು ವಿಕ್ರೋಳಿಯ ಗುಡ್ಡದ ಮೇಲೆ, ಪತ್ರಾದ ಒಂದೇ ಖೋಲಿಯ ಮನೆಯಲ್ಲಿ. ನಾಲ್ಕೂ ಕಡೆ ತಗಡು, ಮೇಲೆಯೂ ತಗಡು. ಹಗಲೆಲ್ಲ ಕಾದು ಹಂಚಾಗುವ ಈ ತಗಡು ಹೊತ್ತು ಮುಳುಗಿದೊಡನೆ ಹಗಲಿನ ಸ್ನೇಹವನ್ನೆಲ್ಲ ಮರೆತುಬಿಡುತ್ತದೆ. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕಡೆಯ ಗಾಳಿ ಸಂದುಗಳಲ್ಲಿ ಸಿಳ್ಳು ಹಾಕುತ್ತ ಒಳಗೆ ಬರುತ್ತದೆ. ಬೆಳಗಿನ ಜಾವಕ್ಕೆ ನಮ್ಮ ಉಸಿರೇ ಮೇಲಿನ ತಗಡಿಗೆ ತಾಗಿ ನೀರಾಗಿ ನಮ್ಮ ಮೇಲೆ ಹನಿಯುತ್ತದೆ. ಮಳೆಗಾಲ ಮುಗಿದು ಮೂರು ತಿಂಗಳಾದರೂ ನಮ್ಮ ಮನೆ ಸೋರುವುದು ನಿಂತಿರಲಿಲ್ಲ.

ನಮ್ಮೂರಿನ ಚಳಿ ಬೇರೆ. ಮುದ್ದೇಬಿಹಾಳದ ಕಡೆಯದು ಒಣ ಚಳಿ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ಆದರೆ ಮೈಗೆ ಅಂಟಿಕೊಳ್ಳುವುದಿಲ್ಲ. ನಸುಕಿನಲ್ಲಿ ಓಣಿಯ ಮೂಲೆಗೆ ಯಾರಾದರೂ ತೊಗರಿ ಕಟ್ಟಿಗೆಗೆ ಬೆಂಕಿ ಹಚ್ಚಿದರೆ ಸುತ್ತ ಕೂತುಬಿಡುತ್ತಿದ್ದೆವು. ಹೊಟ್ಟೆ ಬೆಚ್ಚಗೆ, ಬೆನ್ನು ತಣ್ಣಗೆ. ಸ್ವಲ್ಪ ಹೊತ್ತಿಗೆ ತಿರುಗಿ ಕೂತರೆ ಬೆನ್ನು ಬೆಚ್ಚಗೆ, ಹೊಟ್ಟೆ ತಣ್ಣಗೆ. ಹಂಚಿನ ಮೇಲೆ ರೊಟ್ಟಿ ಮಗುಚುವ ಹಾಗೆ ನಮ್ಮನ್ನು ನಾವೇ ಮಗುಚಿಕೊಳ್ಳುತ್ತಿದ್ದೆವು. ಅವ್ವ ಬೇಗ ತೀರಿಕೊಂಡದ್ದರಿಂದ ನಾನು ಬೆಳೆದದ್ದು ಅಕ್ಕನ ಮನೆಯಲ್ಲಿ. ಅಲ್ಲಿ ಎಮ್ಮೆ ಕಾಯುತ್ತ ಕಾಯುತ್ತ, ಒಂದನೇ ಇಯತ್ತೆಗೆ ಕೂತಾಗ ನನಗೆ ಹನ್ನೊಂದು ವರ್ಷ. ಇಡೀ ವರ್ಗದಲ್ಲಿ ನಾನೇ ಎತ್ತರ. "ನೀ ದೊಡ್ಡಾಂವ ಇದ್ದಿ, ಹೋಗಿ ಕುಳ್ಳು ತಗೊಂಡ ಬಾ" ಎಂದು ಮಾಸ್ತರರು ಚಳಿಗಾಲದಲ್ಲಿ ಬೆಂಕಿ ಹೊತ್ತಿಸುವ ಕೆಲಸ ನನಗೇ ಕೊಡುತ್ತಿದ್ದರು. ಹೀಗಾಗಿ ಶಾಲೆಯಲ್ಲಿ ಅಕ್ಷರಕ್ಕಿಂತ ಮೊದಲು ನನಗೆ ಬಂದ ವಿದ್ಯೆ ಬೆಂಕಿ ಮಾಡುವುದು.

ಮುಂಬಯಿಗೆ ಬಂದ ಮೇಲೆ ಪಾಳಿ ಮುಗಿಸಿ ರಾತ್ರಿ ಶಾಲೆಗೆ ಹೋಗಿ ಇಪ್ಪತ್ತಾರನೆಯ ವಯಸ್ಸಿಗೆ ಮ್ಯಾಟ್ರಿಕ್ ಪಾಸಾದೆ. ವಿಜ್ಞಾನದ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಇತ್ತು: ಉಣ್ಣೆಯ ಬಟ್ಟೆ ಬೆಚ್ಚಗಿರುವುದೇಕೆ? ಬಾಯಿಪಾಠ ಮಾಡಿದ್ದನ್ನು ಬರೆದೆ. ಉಣ್ಣೆಯು ತಾನಾಗಿ ಶಾಖವನ್ನು ಕೊಡುವುದಿಲ್ಲ. ಅದು ಮೈಯ ಶಾಖವು ಹೊರಹೋಗದಂತೆ ತಡೆಯುತ್ತದೆ. ಎರಡಕ್ಕೆ ಎರಡು ಅಂಕ. ಈ ಉತ್ತರವನ್ನು ನೀವು ನೆನಪಿನಲ್ಲಿಡಿ. ನಾನು ಇಡಲಿಲ್ಲ.

ನೀಲವ್ವ ನನ್ನ ಅಕ್ಕನ ಮಗಳು. ನಮ್ಮ ಕಡೆ ಇದು ರೂಢಿ. ಹೀಗಾಗಿ ಸಾಕಿದ ಅಕ್ಕನೇ ನನಗೆ ಅತ್ತೆ. ಬಾಯಿಗೆ ಬರುವುದು ಮಾತ್ರ ಇವತ್ತಿಗೂ ಅಕ್ಕ ಎಂದೇ. ಚೊಚ್ಚಲ ಬಾಣಂತನಕ್ಕೆ ನೀಲವ್ವ ಊರಿಗೆ ಹೋಗುವವಳಿದ್ದಳು. ಅಷ್ಟರಲ್ಲಿ ಎಂಟನೆಯ ತಿಂಗಳಲ್ಲೇ ನೋವು ಬಂದು ಮುನ್ಸಿಪಾಲ್ಟಿ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಕೂಸನ್ನು ನನ್ನ ಎರಡು ಅಂಗೈಯಲ್ಲಿ ಇಟ್ಟಾಗ ಹಿಡಿದುಕೊಂಡದ್ದೇ ತಿಳಿಯಲಿಲ್ಲ. ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಹೊರಡುವಾಗ ದಪ್ಪ ಕನ್ನಡಕದ ನರ್ಸಬಾಯಿ ಕೂಸಿನ ಅಂಗಾಲನ್ನು ನನ್ನ ಬೆರಳಿಗೆ ಮುಟ್ಟಿಸಿದಳು.

"ಪಾಯ್ ಥಂಡ್ ಪಡತಾ ಕಾಮಾ ನಯೇತ್. ಸಮಜ್ಲಾ?"

ಪಾದ ತಣ್ಣಗಾಗಬಾರದು, ತಿಳಿಯಿತೇ ಎಂದು. ತಣ್ಣಗಾದರೆ ಹೊತ್ತು ನೋಡದೆ ಎತ್ತಿಕೊಂಡು ಬಾ ಎಂದಳು. ನಾನು ತಲೆಯಾಡಿಸಿದೆ. ಇಷ್ಟು ಸಣ್ಣ ಕೂಸುಗಳು ಥಂಡಿಯಾದರೆ ಅಳುವುದೂ ಇಲ್ಲ, ಸುಮ್ಮನಾಗಿಬಿಡುತ್ತವೆ ಎಂದು ಆಮೇಲೆ ಸೇರಿಸಿದಳು. ಆ ಒಂದು ಮಾತು ಹೇಳದೇ ಇದ್ದಿದ್ದರೆ ನಾನು ಆ ಚಳಿಗಾಲದಲ್ಲಿ ಸ್ವಲ್ಪವಾದರೂ ನಿದ್ದೆ ಮಾಡುತ್ತಿದ್ದೆ. ಕೂಸು ಅತ್ತರೆ ಭಯ, ಸುಮ್ಮನಿದ್ದರೆ ಇನ್ನೂ ಭಯ.

ತಂತಿ ಸಿಕ್ಕ ಮೂರನೆಯ ದಿನ ಅಕ್ಕ ಬಂದಳು. ಗಂಟಿನಲ್ಲಿ ಕೌದಿ, ಹೊಗೆಗೆ ಲೋಬಾನ, ಬಾಣಂತಿಯ ಉಂಡೆಗೆ ಅಳವಿ, ಕೊಬ್ಬರಿ. ಖೋಲಿಯ ನಡುವೆ ನಿಂತು ಮೇಲೆ ನೋಡಿದಳು.

"ಇದೇನ ಮನಿಯೋ ತಮ್ಮಾ, ಡಬ್ಬಿಯೋ?"

ನಾನು ಆಗಲೇ ಡಬ್ಬಿಯ ತೂತು ಮುಚ್ಚತೊಡಗಿದ್ದೆ. ಮೈದಾ ಹಿಟ್ಟಿನ ಅಂಟು ಕುದಿಸಿ ತಗಡಿನ ಸಂದುಗಳಿಗೆಲ್ಲ ಹಳೆಯ ಪತ್ರಿಕೆ ಅಂಟಿಸುವ ಕೆಲಸ. ತಡವಾಗಿ ಓದು ಕಲಿತವನ ಒಂದು ಕಷ್ಟವೆಂದರೆ, ಅಕ್ಷರ ಕಂಡರೆ ಬಿಡಲಾಗುವುದಿಲ್ಲ. ಅಂಟಿಸುವ ಮೊದಲು ಓದುತ್ತಿದ್ದೆ. ಒಂದು ಸಂದಿಗೆ ಅರ್ಧ ತಾಸು ಹಿಡಿಯುತ್ತಿತ್ತು. ಮೂಲೆಯಲ್ಲಿ ಬಾಣಂತಿಗೆಂದು ಸೀರೆಯ ಪರದೆ ಕಟ್ಟಿದ್ದೆವು. ಅದರ ಆಚೆ ಅಕ್ಕನ ರಾಜ್ಯ. ಗಂಡಸು ಪರದೆ ದಾಟುವಂತಿಲ್ಲ. ಅದು ನನ್ನದೇ ಖೋಲಿಯಾದರೂ.

"ಕಾಗದಾ ಹಚ್ಚಿದರ ಬೆಚ್ಚಗ ಆಗ್ತೈತೇನೋ?" ಪರದೆಯ ಆಚೆಯಿಂದ ಅಕ್ಕ. "ಬಾಣಂತಿ ಮನ್ಯಾಗ ಒಂದ ಅಗ್ಗಿಷ್ಟಿಗಿ ಇಲ್ಲಂದರ ಹ್ಯಾಂಗ?"

ಅಗ್ಗಿಷ್ಟಿಗೆ ಬೇಕು. ಸೀಮೆಎಣ್ಣೆ ರೇಷನ್ನಿನದು, ಅಡಿಗೆಗೇ ಸಾಲದು. ಸ್ಟೋವು ಸುಮ್ಮನೆ ಉರಿಸುವಂತಿಲ್ಲ. ಮರುದಿನ ಬೆಳಿಗ್ಗೆ ನಳದ ಸಾಲಿನಲ್ಲಿ ನಿಂತಾಗ ಪಕ್ಕದ ಖೋಲಿಯ ಸದಾನಂದಣ್ಣನನ್ನು ಕೇಳಿದೆ. ಉಡುಪಿಯ ಕಡೆಯವರು, ಒಂದು ಕ್ಯಾಂಟೀನಿನಲ್ಲಿ ಭಟ್ಟಿಯ ಮುಂದೆ ಕೆಲಸ. ಮನೆಮಾತು ತುಳು, ಕನ್ನಡ ಶಾಲೆಯಲ್ಲಿ ಕಲಿತದ್ದು. ಆದರೂ ನನ್ನ ಹತ್ತಿರ ಅವರು ಹಿಂದಿ ಆಡಿದವರಲ್ಲ. ಕನ್ನಡದವರು ಕನ್ನಡದವರ ಹತ್ತಿರ ಹಿಂದಿ ಯಾಕೆ ಆಡಬೇಕು ಎಂಬುದು ಅವರ ಹಟ. ಅಗ್ಗಿಷ್ಟಿಗೆ ಎಂದರೆ ಹಳ್ಳಿಯವನು ಅಂದುಕೊಂಡಾರು ಎಂದು ನಾನು ಮುಂಬಯಿಯ ಶಬ್ದ ಹುಡುಕಿ, ಹುಷಾರಾಗಿ ಕನ್ನಡದಲ್ಲೇ ಕೇಳಿದೆ.

"ಸದಾನಂದಣ್ಣ, ಬಾಣಂತಿಗೆ ಸಿಗಡಿ ಬೇಕಾಗಿತ್ತರಿ. ಎಲ್ಲೆರೆ ಸಿಕ್ಕರ ನೋಡ್ರಿ."

"ಬಾಣಂತಿಗಾ? ಅದು ಉಷ್ಣ ಅಲ್ವಾ ಮಾರಾಯ್ರೆ?"

"ಉಷ್ಣ ಆಗ್ಲಿ ಅಂತನ ಕೇಳಾಕತ್ತೇನ್ರಿ."

ಅವರು ಕೊಡ ಕೆಳಗಿಟ್ಟರು. "ನಿಮ್ಮಲ್ಲಿ ನಡೀತದಾ?"

"ಯಾಕ ನಡೆಯಂಗಿಲ್ರಿ. ನಮ್ಮ ಊರಾಗ ಬಾಣಂತಿ ಇದ್ದ ಮನ್ಯಾಗ ಅದು ಇರಾಕ ಬೇಕು."

"ಹೌದಾ? ನನಗೆ ಗೊತ್ತೇ ಇರ್ಲಿಲ್ಲ. ದೊಡ್ಡದು ಬೇಕಾ, ಸಣ್ಣದಾ?"

"ಸಣ್ಣದು ಸಾಕ್ರಿ. ಖೋಲಿ ಎಷ್ಟೈತಿ ನೋಡೀರಲ್ಲ."

"ಹಸಿಯದ್ದಾ, ಒಣಗಿದ್ದಾ?"

ಮಣ್ಣಿನ ಒಲೆಯನ್ನು ಈಗಷ್ಟೇ ಮಾಡಿದ್ದು, ಒಣಗಿದ್ದು ಎಂದು ಕೇಳುತ್ತಿದ್ದಾರೆ ಅಂದುಕೊಂಡೆ. "ಒಣಗಿದ್ದ ಕೊಡಸ್ರಿ. ಹಸೀದು ತಗೊಂಡ ಏನ ಮಾಡ್ಲಿ?"

ನನ್ನ ಕೊಡ ತುಂಬಿತ್ತು. ಇಬ್ಬರೂ ಬಹಳ ಸಮಾಧಾನದಿಂದ ನಮ್ಮ ನಮ್ಮ ಖೋಲಿಗೆ ಹೋದೆವು.

ಮರುದಿನ ನಾನು ಪಾಳಿಯಲ್ಲಿದ್ದಾಗ ಸದಾನಂದಣ್ಣ ನಮ್ಮ ಬಾಗಿಲಿಗೆ ಬಂದು, ಕಾಗದದ ಒಂದು ಪೊಟ್ಟಣ ಅಕ್ಕನ ಕೈಗೆ ಕೊಟ್ಟು, "ಬಾಣಂತಿಗೆ ಸಿಗಡಿ. ಅವರು ಹೇಳಿದ್ರು" ಎಂದು ಹೋಗಿದ್ದಾರೆ. ಬಾಣಂತಿಯ ಮನೆ, ಹೆಚ್ಚು ಹೊತ್ತು ನಿಲ್ಲಬಾರದೆಂಬ ಮರ್ಯಾದೆ ಅವರದು. ಅಕ್ಕ ಪೊಟ್ಟಣ ಬಿಚ್ಚಿದಳು. ನಮ್ಮದು ಉಳ್ಳಾಗಡ್ಡಿ, ಬೆಳ್ಳುಳ್ಳಿಯವರೆಗೆ ಹೋಗಿ ಅಲ್ಲಿಗೇ ನಿಲ್ಲುವ ಮನೆ. ಅಕ್ಕ ಸಮುದ್ರವನ್ನೇ ನೋಡಿದವಳಲ್ಲ, ಅದರೊಳಗಿನದನ್ನು ಎಲ್ಲಿಂದ ನೋಡಬೇಕು. ಕೆಂಪಗೆ, ಸುರುಳಿ ಸುರುಳಿ, ಒಣಗಿ ಹಗುರಾದ ಏನೋ ಒಂದು. ಆಗ ಅವಳಿಗೆ ನೆಗಡಿ, ವಾಸನೆ ಹತ್ತಲಿಲ್ಲ. ಮುಂಬಯಿಯಲ್ಲಿ ಲೋಬಾನದ ಬದಲು ಬಾಣಂತಿಗೆ ಇದರ ಹೊಗೆ ಹಾಕುತ್ತಾರೆ ಎಂದುಕೊಂಡಳು. ಗುಡ್ಡದ ಕೆಳಗಿನ ಚಹಾದಂಗಡಿಯಿಂದ ತಂದ ನಾಲ್ಕು ಕೆಂಡ ಗಡಿಗೆಯ ಚೂರಿನಲ್ಲಿ ಇದ್ದವು. ಅದರ ಮೇಲೆ ಒಂದು ಮುಷ್ಟಿ ಸುರಿದಳು.

ಪಾಳಿ ಮುಗಿಸಿ ಗುಡ್ಡ ಹತ್ತುವಾಗಲೇ ಏನೋ ಆಗಿದೆ ಎಂದು ನನಗೆ ತಿಳಿಯಿತು. ನಮ್ಮ ಬಾಗಿಲ ಮುಂದೆ ಒಂಬತ್ತು ಬೆಕ್ಕುಗಳು ಕೂತಿದ್ದವು. ಅಕ್ಕ ಹೊರಗೆ ನಿಂತು ಸೆರಗಿನಿಂದ ಖೋಲಿಗೆ ಗಾಳಿ ಹಾಕುತ್ತಿದ್ದಳು. ನೀಲವ್ವ ಕೂಸನ್ನು ಕಟ್ಟಿಕೊಂಡು ಬಿಸಿಲಿನಲ್ಲಿ ಕೂತು, ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡು, ನೋವಿಗೂ ನಗೆಗೂ ಸೇರಿಸಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

"ನಿಮ್ಮ ಸಿಗಡಿಗೆ ಮೀಸಿ ಅದಾವ ನೋಡ್ರಿ" ಎಂದಳು.

ಸಂಜೆ ಸದಾನಂದಣ್ಣ ಬಾಗಿಲಲ್ಲಿ ಅಪರಾಧಿಯ ಹಾಗೆ ನಿಂತರು. "ಈ ಮೀನಿಗೆ ನಾವು ಮನೆಯಲ್ಲಿ ಎಟ್ಟಿ ಹೇಳುವುದು. ಕನ್ನಡದಲ್ಲಿ ಸಿಗಡಿ ಅಲ್ವಾ? ನೀವು ಕನ್ನಡದಲ್ಲಿ ಕೇಳಿದಿರಿ, ನಾನು ಕನ್ನಡದ್ದೇ ತಂದೆ. ಹಿಂದಿಯಲ್ಲಿ ಕೇಳಿದ್ರೆ ಒಲೆ ತರ್ತಿದ್ದೆ ಮಾರಾಯ್ರೆ."

ಅಕ್ಕ ಎರಡು ಸಲ ನೆಲ ತೊಳೆದು, ತಲೆಯ ಮೇಲೆ ನೀರು ಹಾಕಿಕೊಂಡು, ನಡುಗುತ್ತ ಪರದೆಯ ಆಚೆ ಕೂತಿದ್ದಳು. ಅಲ್ಲಿಂದಲೇ ಹೇಳಿದಳು: "ಹೋಗ್ಲಿ ಬಿಡಪಾ, ನಿನ್ನ ತಪ್ಪೇನೈತಿ. ಸುಡೂದಕ್ಕಿಂತ ಮೊದಲ ನಾ ಯಾರ್ನರೆ ಕೇಳಬೇಕಾಗಿತ್ತು."

ಆ ತಪ್ಪು ತೀರಿಸಲು ಸದಾನಂದಣ್ಣ ಮರುದಿನವೇ ಎಣ್ಣೆಯ ದೊಡ್ಡ ಡಬ್ಬಿಯೊಂದನ್ನು ತಂದು, ಕೆಳಗಡೆ ಪಕ್ಕಕ್ಕೆ ಒಂದು ತೂತು ಕೊರೆದರು. ಕ್ಯಾಂಟೀನಿನಲ್ಲಿ ಉರಿಸುವ ಭೂಸಾ ಸಿಗಡಿ ಅದು. ಭೂಸಾ ಎಂದರೆ ಕಟ್ಟಿಗೆ ಕೊರೆದ ಪುಡಿ. ಡಬ್ಬಿಯ ನಡುವೆ ಒಂದು ದುಂಡನೆಯ ಕೋಲು ನಿಲ್ಲಿಸಬೇಕು. ಪಕ್ಕದ ತೂತಿನಿಂದ ಇನ್ನೊಂದು ಕೋಲು ಅದಕ್ಕೆ ಮುಟ್ಟುವ ಹಾಗೆ ತೂರಿಸಬೇಕು. ಸುತ್ತ ಪುಡಿ ತುಂಬಿ, ಗುದ್ದಿ ಗುದ್ದಿ ಗಟ್ಟಿ ಮಾಡಿ, ಆಮೇಲೆ ಎರಡೂ ಕೋಲು ಮೆಲ್ಲಗೆ ಎಳೆದರೆ ನಡುವೆ ಗಾಳಿಯ ದಾರಿ ಉಳಿಯುತ್ತದೆ. ಕೆಳಗಿನಿಂದ ಹಚ್ಚಿದರೆ ತಾಸುಗಟ್ಟಲೆ ನಿಧಾನ ಉರಿಯುತ್ತದೆ. ನಾವು ರೊಟ್ಟಿ ತಟ್ಟುವ ಜನ, ಲಟ್ಟಣಿಗೆಗೆ ಹಬ್ಬದ ದಿನವಷ್ಟೇ ಕೆಲಸ. ಅಕ್ಕ ಅದನ್ನು ಕೊಟ್ಟಳು. ನಡುವಿನ ಕೋಲು ಅದೇ ಆಯಿತು.

ಹಚ್ಚಿ ಒಳಗೆ ತರಲು ಹೋದೆ. ಸದಾನಂದಣ್ಣ ನಾನು ಅಂಟಿಸಿದ ಪತ್ರಿಕೆಗಳನ್ನು ಒಂದೊಂದಾಗಿ ನೋಡಿದರು.

"ಚಂದ ಮುಚ್ಚಿದ್ದೀರಿ. ಇದರ ಒಳಗೆ ಭೂಸಾ ಇಟ್ರೆ ಬೆಳಿಗ್ಗೆ ಯಾರೂ ಏಳ್ಲಿಕ್ಕಿಲ್ಲ. ಒಲೆ ಹೊರಗೇ ಇರ್ಲಿ. ಇಟ್ಟಿಗೆ ಕಾಯಿಸಿ, ಬಟ್ಟೆ ಸುತ್ತಿ ಒಳಗೆ ಕೊಡಿ."

ಹೀಗೆ ನಮ್ಮ ಮನೆಗೆ ಮೂರು ಇಟ್ಟಿಗೆಗಳು ಬಂದವು. ಒಂದು ಒಲೆಯ ಮೇಲೆ, ಒಂದು ಒಳಗೆ, ಒಂದು ಆರಿ ಹೊರಗೆ ಬಂದದ್ದು. ಪುಡಿ ತರಲು ಘಾಟ್ಕೋಪರಿನ ಕಟ್ಟಿಗೆಯ ವಖಾರಕ್ಕೆ ಹೋಗುತ್ತಿದ್ದೆ. ಕೇಳಿದರೆ ಒಂದು ಗೋಣಿ ಪುಡಿಯನ್ನು ಅಲ್ಲಿಯವರು ಚಿಲ್ಲರೆಗೆ ಕೊಟ್ಟುಬಿಡುತ್ತಿದ್ದರು. ಒಂದೇ ಸ್ಟೇಷನ್ನಿನ ದಾರಿ, ಆದರೂ ಲೋಕಲಿನಲ್ಲಿ ಅದನ್ನು ತರುವುದು ಸುಲಭವಲ್ಲ. ಒಮ್ಮೆ ಬಿಳಿ ಅಂಗಿಯ ಗೃಹಸ್ಥರೊಬ್ಬರು ಗೋಣಿಯ ಮೇಲೆ ಕೂತುಬಿಟ್ಟರು. ಮೆತ್ತಗಿತ್ತೋ ಏನೋ, ತೂಕಡಿಸಿದರು. ವಿಕ್ರೋಳಿ ಬಂದಾಗ ಎಬ್ಬಿಸಲು ಮನಸ್ಸಾಗದೆ ಭಾಂಡುಪಿನವರೆಗೆ ಹೋಗಿ ತಿರುಗಿ ಬಂದೆ.

ರಾತ್ರಿಯಿಡೀ ತಾಸಿಗೊಮ್ಮೆ ಎದ್ದು ಇಟ್ಟಿಗೆ ಬದಲಿಸುವುದು ನನ್ನ ಕೆಲಸ. ಬಿಸಿ ಇಟ್ಟಿಗೆಯನ್ನು ಹಳೆಯ ಧೋತರದಲ್ಲಿ ಸುತ್ತಿ ಪರದೆಯ ಕೆಳಗಿನಿಂದ ತಳ್ಳುವೆ. ಅಕ್ಕನ ಕೈ ಬಂದು ಅದನ್ನು ಎಳೆದುಕೊಳ್ಳುವುದು.

"ಪಾದ ಹ್ಯಾಂಗ ಅದಾವಕ್ಕಾ?"

"ಬಿಸಿ ಅದಾವ. ಮಕ್ಕೋ ಹೋಗು."

ಮಲಗುವುದೆಲ್ಲಿ. ಆರುವ ಮೊದಲು ಇನ್ನೊಂದು ಇಟ್ಟಿಗೆ ಕಾಯಬೇಕು. ಬೆಳಿಗ್ಗೆ ಮೊದಲ ಪಾಳಿ. ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದೆ. ಖಾಲಿ ಕಟ್ಟಿಗೆಯ ಪೆಟ್ಟಿಗೆಗಳನ್ನು ಎಷ್ಟೋ ಸಲ ಮೊಳೆ ಹೊಡೆದು ಕಳಿಸಿದ್ದೇನೆ. ಆ ದಿನಗಳ ದಣಿವು ಇನ್ನೂ ಪೂರ್ತಿ ಇಳಿದಿಲ್ಲ ಎಂದು ನನಗೆ ಒಮ್ಮೊಮ್ಮೆ ಅನಿಸುವುದುಂಟು. ಈಗ ಕೂತಲ್ಲಿ ತೂಕಡಿಕೆ ಬಂದರೆ ಅದು ಆವಾಗಿನದೇ ಬಾಕಿ ಎಂದುಕೊಳ್ಳುತ್ತೇನೆ. ಆದರೂ ಆಗ ಮನಸ್ಸಿಗೆ ಒಂದು ಬಲವಿತ್ತು. ಅಕ್ಕ ಪ್ರತಿ ಸಲ ಬಿಸಿ ಅದಾವ ಎನ್ನುತ್ತಿದ್ದಳು. ನನ್ನ ಇಟ್ಟಿಗೆ ನನ್ನ ಮಗಳನ್ನು ಉಳಿಸುತ್ತಿತ್ತು.

ಎರಡು ವಾರ ಕಳೆದಿರಬೇಕು. ಗಾಳಿ ಹೆಚ್ಚು ಬೀಸಿದ ಒಂದು ರಾತ್ರಿ, ಡಬ್ಬಿ ತುಂಬಿ, ಗುದ್ದಿ, ಪಕ್ಕದ ಕೋಲು ಎಳೆದು, ಬೆಂಕಿ ಹಚ್ಚಿ ಗೋಡೆಗೆ ಒರಗಿದೆ. ಒಂದು ನಿಮಿಷ ಅಂದುಕೊಂಡೆ. ಕಣ್ಣು ತೆರೆದದ್ದು ಕಾರ್ಖಾನೆಯ ಭೋಂಗಾ ಕೂಗಿದಾಗ. ಬೆಳಕು ಹರಿದಿತ್ತು. ಒಲೆ ಆರಿತ್ತು. ನಡುವೆ ಲಟ್ಟಣಿಗೆ ಹಾಗೇ ನಿಂತಿತ್ತು. ಅದನ್ನು ಎಳೆಯುವುದನ್ನೇ ಮರೆತಿದ್ದೆ. ಬೆಂಕಿಗೆ ಗಾಳಿಯ ದಾರಿ ಸಿಗದೆ, ಅದರ ಬುಡವನ್ನಷ್ಟು ಸುಟ್ಟು, ಹೊಗೆಯಾಡಿ ಸತ್ತಿತ್ತು. ಮೇಲಿನ ಇಟ್ಟಿಗೆ ಮುಟ್ಟಿದೆ. ನಳದ ನೀರಿನಷ್ಟು ತಣ್ಣಗೆ. ಇಡೀ ರಾತ್ರಿ ಒಳಗೆ ಒಂದೂ ಇಟ್ಟಿಗೆ ಹೋಗಿರಲಿಲ್ಲ.

ಪರದೆ ಸರಿಸಿ ಒಳಗೆ ನುಗ್ಗಿದೆ. ಕೂಸಿಗೆಂದು ಪ್ಯಾಕಿಂಗಿನ ಕಟ್ಟಿಗೆಯಲ್ಲಿ ನಾನೇ ಮಾಡಿದ ತೊಟ್ಟಿಲ ಪೆಟ್ಟಿಗೆ ಇತ್ತು. ಅದರಲ್ಲಿ ಕೈ ಹಾಕಿದೆ. ಬಟ್ಟೆ ತಣ್ಣಗಿತ್ತು. ಕೂಸು ಇರಲಿಲ್ಲ.

ಪೆಟ್ಟಿಗೆಯ ಬಟ್ಟೆಯನ್ನೆಲ್ಲ ಎಳೆದು ಹೊರಗೆ ಹಾಕಿದೆ.

"ಸುಮ್ಕ ನಿಂದ್ರು. ಎಬ್ಬಸಬ್ಯಾಡ" ಎಂದಳು ಅಕ್ಕ, ಪಿಸುದನಿಯಲ್ಲಿ.

ನೀಲವ್ವ ಗೋಡೆಗೆ ಒರಗಿ ಮಲಗಿದ್ದಳು. ಅವಳ ಎದೆಯ ಮೇಲೆ, ಕುಪ್ಪಸದೊಳಗೆ, ಸೆರಗು ಮುಚ್ಚಿ ಅದರ ಮೇಲೆ ಕೌದಿ ಮುಚ್ಚಿದಲ್ಲಿ ಒಂದು ಸಣ್ಣ ಉಬ್ಬು. ಅದು ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು. ಪಾದ ಮುಟ್ಟಲು ಕೈ ಚಾಚಿದೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು.

"ನಿನ್ನ ಕೈ ಬರ್ಫ ಆಗ್ಯಾವ."

ನನ್ನ ಎರಡೂ ಕೈಗಳನ್ನು ತನ್ನ ಅಂಗೈಯಲ್ಲಿ ಹಿಡಿದು ತಿಕ್ಕಿದಳು. ನಾನು ಎಮ್ಮೆ ಕಾಯ್ದು ಬಂದಾಗ ತಿಕ್ಕುತ್ತಿದ್ದ ಹಾಗೆ. ಆಮೇಲೆ ಕೌದಿಯ ಅಂಚು ಸರಿಸಿದಳು. ಕೂಸಿನ ಪಾದ ಹಂಚಿನಿಂದ ಇಳಿಸಿ ಸ್ವಲ್ಪ ಆರಿದ ರೊಟ್ಟಿಯ ಹಾಗಿತ್ತು.

"ಯಾವತ್ತಿನಿಂದ ಹಿಂಗ?"

"ದವಾಖಾನಿಯಿಂದ ಬಂದ ದಿನದಿಂದ. ಹಗಲಿಗೆ ನಾನೂ ಕಟ್ಕೋತೇನಿ."

"ಮತ್ತ ಇಟ್ಟಂಗಿ?"

ಅಕ್ಕ ಬೇರೆ ಕಡೆ ನೋಡಿದಳು. "ನನ್ನ ಮೊಣಕಾಲಿಗೆ ಇಟ್ಕೋತಿದ್ದೆ. ಛೊಲೋ ಅನಸ್ತಿತ್ತು."

ನನಗೆ ಅಲ್ಲಿಯೇ ನೆಲಕ್ಕೆ ಕೂತುಕೊಳ್ಳಬೇಕೆನಿಸಿತು. ಕೂತೆ. "ಹೇಳಬಾರದಾಗಿತ್ತೇನಕ್ಕಾ? ಎಷ್ಟ ದಿನ ಆತು ನಾ ನಿದ್ದಿ ಮಾಡಿ."

"ಹೇಳ್ತಿದ್ದೆ. ಆದರ ಅಕಿ ಏನರೆ ಮಾಡಾಕತ್ತಾಳ, ನಾ ಏನರೆ ಮಾಡಾಕತ್ತೇನಿ. ನೀ ಸುಮ್ಮ ಕುಂತರ ಅಂಜಿ ಅರ್ಧಾ ಆಗ್ತಿ. ಇಟ್ಟಂಗಿ ಹೊರ್ಲಿ ಅಂದೆ."

ಎರಡಕ್ಕೆ ಎರಡು ಅಂಕ ಬಂದ ಉತ್ತರ ಆಗ ನೆನಪಾಯಿತು. ಅಕ್ಕ ಶಾಲೆಯ ಕಟ್ಟೆ ಹತ್ತಿದವಳಲ್ಲ. ಆ ದಿನ ಪಾಳಿಗೆ ಹೋಗದೆ ಖಾಡೆ ಮಾಡಿ ಸಂಜೆಯವರೆಗೆ ಮಲಗಿದೆ. ಎದ್ದಾಗ ಒಲೆ ಮತ್ತೆ ಉರಿಯುತ್ತಿತ್ತು. ಸದಾನಂದಣ್ಣ ಬಂದು ಹಚ್ಚಿ ಹೋಗಿದ್ದರಂತೆ. ಇಟ್ಟಿಗೆ ಕಾಯಿಸಿದೆ, ಪರದೆಯ ಕೆಳಗಿನಿಂದ ತಳ್ಳಿದೆ. ಈ ಸಲ ಪಾದ ಹೇಗಿವೆ ಎಂದು ಕೇಳಲಿಲ್ಲ. ಮೊಣಕಾಲು ಹೇಗಿವೆ ಎಂದು ಕೇಳಿದೆ.

ಅಕ್ಕ ಮೂರು ತಿಂಗಳಿದ್ದು ಊರಿಗೆ ಹೊರಟಾಗ ಗಂಟು ಏಕೆ ಇಷ್ಟು ಭಾರವೆಂದು ನೋಡಿದರೆ, ಒಳಗೆ ಒಂದು ಇಟ್ಟಿಗೆ.

"ಊರಾಗ ಇಟ್ಟಂಗಿ ಸಿಗಂಗಿಲ್ಲೇನಕ್ಕಾ?"

"ಸಿಗ್ತಾವ. ಇದು ಪಳಗೇದ."

ಸದಾನಂದಣ್ಣ ಈಗ ವಿಲೆ ಪಾರ್ಲೆಯಲ್ಲಿದ್ದಾರೆ. ಸಂಘದಲ್ಲಿ ಸಿಕ್ಕಾಗಲೆಲ್ಲ ದೂರದಿಂದಲೇ, "ಒಣಗಿದ್ದು ಬೇಕಾ?" ಎಂದು ಕೇಳುತ್ತಾರೆ. ನಾವು ಗಟ್ಟಿ ಸ್ಲ್ಯಾಬಿನ ಬಿಲ್ಡಿಂಗಿಗೆ ಬಂದು ನಾಲ್ಕು ವರ್ಷವಾಯಿತು. ಅವತ್ತಿನ ಕೂಸು ಶೈಲಾ ಈಗ ಡಿಸೆಂಬರಿನಲ್ಲೂ ಫ್ಯಾನು ಬೇಕೆನ್ನುತ್ತಾಳೆ, ಹೊದಿಕೆಯನ್ನು ಒದ್ದು ಎಸೆಯುತ್ತಾಳೆ.

ಹೋದ ವಾರ ಊರಿನಿಂದ ಕಾರ್ಡು ಬಂತು. ಅಕ್ಕ ಹೇಳಿ ಬರೆಸಿದ್ದು. ಎಲ್ಲರೂ ಕ್ಷೇಮ, ಈ ವರ್ಷ ಥಂಡಿ ಭಾಳ ಐತಿ, ಇಟ್ಟಂಗಿ ಸೀಳಿ ಎರಡು ಹೋಳಾತು, ಬರುವಾಗ ಒಂದು ತಗೊಂಡು ಬಾ, ಪಳಗಿಸಿ ತಾ.

ಓದಿ ನಿಟ್ಟುಸಿರು ಬಿಟ್ಟೆ. ಕೆಳಗೆ ಹೊಸ ಬಿಲ್ಡಿಂಗಿನ ಕೆಲಸದವರಲ್ಲಿ ಕೇಳಿದರೆ ಇಟ್ಟಿಗೆ ಸಿಕ್ಕೀತು. ಪಳಗಿಸುವುದು ಸ್ಟೋವಿನ ಮೇಲೆ ಆಗುವ ಕೆಲಸವಲ್ಲ. ವಖಾರಕ್ಕೆ ಹೋಗಿ ಒಂದು ಗೋಣಿ ಪುಡಿ ತರಬೇಕು. ಒಂದು ಡಬ್ಬಿ ಹುಡುಕಿ ತೂತು ಕೊರೆಯಬೇಕು. ಬಿಲ್ಡಿಂಗಿನ ಮೇಲಿನ ಗಚ್ಚಿಯಲ್ಲಿ ಕೂತು ಎರಡು ಮೂರು ಸಂಜೆ ಉರಿಸಬೇಕು. ನಡುವಿನ ಕೋಲು ಮನೆಯಲ್ಲಿದೆ. ಶೈಲಾಗೆ ಒಗೆಯಬೇಡ ಎಂದು ಹೇಳಿದ್ದೇನೆ. ಈ ಸಲ ಬೆಂಕಿ ಹಚ್ಚುವ ಮೊದಲು ಅದನ್ನು ಎಳೆದುಕೊಳ್ಳಬೇಕು.